ಗೋಡೆ ಇದ್ದ ಜಾಗ

ಫೆಬ್ರವರಿ 9

ಅಕ್ಕಾ,

"ಇನ್ನು ಇಲ್ಲಿ ಏನು ಬೆಳೆಯುತ್ತೋ ನಾನೂ ನೋಡ್ತೀನಿ" ಅಂದಿದ್ದೆಯೋ, "ಇಲ್ಲಿ ಇನ್ನೇನೂ ಬೆಳೆಯಲ್ಲ, ನೋಡ್ತಿರು" ಅಂದಿದ್ದೆಯೋ, ಈಗ ನನಗೆ ಖಚಿತವಿಲ್ಲ. ಲಾರಿಗೆ ಕೊನೆಯ ಹೊಲಿಗೆ ಮೆಷಿನ್ ಏರಿಸುತ್ತಿದ್ದಾಗ ಬಾಗಿಲಲ್ಲಿ ನಿಂತು ಹೇಳಿದ ಮಾತು. ನನ್ನ ಕಂಕುಳಲ್ಲಿ ಆಫೀಸಿನ ಫೈಲಿತ್ತು. ಹನ್ನೊಂದು ವರ್ಷ ಅದನ್ನು ಶಾಪವೆಂದೇ ಜೋಪಾನ ಮಾಡಿಕೊಂಡು ಬಂದೆ. ಈಚೆಗೆ ಅನುಮಾನ ಶುರುವಾಗಿದೆ, ನೀನು ಸುಮ್ಮನೆ ಕೇಳಿದ್ದೆಯೇನೋ ಅಂತ.

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನಾವು ನಿನ್ನ ಮಂಡಿ, ನನ್ನ ಬಿಪಿ ವಿಚಾರಿಸಿಕೊಂಡು ಇಟ್ಟುಬಿಡುತ್ತೇವೆ. ಮದುವೆ ಮನೆಗಳಲ್ಲಿ ಸಿಕ್ಕರೂ ಅಷ್ಟೇ. ನಡುವೆ ಯಾರಾದರೂ ಒಬ್ಬರು ಕುರ್ಚಿ ಎಳೆದುಕೊಂಡು ಕೂತುಬಿಡಲಿ ಎಂದು ಇಬ್ಬರೂ ಕಾಯುತ್ತಿರುತ್ತೇವೆ.

ವಿಷಯಕ್ಕೆ ಬರುತ್ತೇನೆ. ನೀನು ಇಪ್ಪತ್ತಾರು ವರ್ಷ ಬಾಡಿಗೆಗಿದ್ದು ಹೊಲಿಗೆ ತರಗತಿ ನಡೆಸಿದ ಮನೆಯನ್ನು ಕೆಡವಿದ ಮೇಲೆ ಮಾಲೀಕರು ಅಲ್ಲಿ ಏನೂ ಕಟ್ಟಲಿಲ್ಲ. ರಸ್ತೆ ಅಗಲಕ್ಕೆಂದು ಬಿಡಬೇಕಾದಷ್ಟು ಬಿಟ್ಟರೆ ಉಳಿಯುವುದು ಒಂದು ಉದ್ದನೆಯ ಪಟ್ಟಿ. ಆ ನಿಯಮವೂ ನಮ್ಮ ಆಫೀಸಿನದೇ. ಕೊನೆಗೆ ಬೇಸತ್ತು ಜಾಗವನ್ನು ನಮ್ಮ ನಗರಸಭೆಗೇ ಬಿಟ್ಟುಕೊಟ್ಟರು. ಇಷ್ಟು ವರ್ಷ ಅಲ್ಲಿ ಬೆಳೆದದ್ದು ಲಂಟಾನ, ಪಾರ್ಥೇನಿಯಂ, ಮತ್ತು ಬೀದಿಯವರು ಬಿಸಾಡಿದ ಸೋಫಾಗಳು.

ಈಗ ಎದುರು ಮನೆಗೆ ಒಬ್ಬರು ಬಂದಿದ್ದಾರೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಎಲ್ಲರೂ ಬಾಟನಿ ಮೇಡಂ ಅನ್ನುತ್ತಾರೆ. ಅಲ್ಲೊಂದು ತೋಟ ಮಾಡಬೇಕೆಂದು ಬೀದಿಯವರ ಸಹಿ ಹಾಕಿಸಿ ಅರ್ಜಿ ಕೊಟ್ಟರು. ಅರ್ಜಿ ನನ್ನ ಮೇಜಿಗೇ ಬಂತು. 'ಖಾಲಿ ನಿವೇಶನ' ಎಂಬ ಎರಡು ಪದಗಳ ಕೆಳಗೆ ಸಹಿ ಹಾಕಿದೆ. ಆ ಜಾಗದ ಬಗ್ಗೆ ನಾನು ಹಾಕಿದ ಎರಡನೆಯ ಸಹಿ.

ಮೇಡಂ ಅವರದು ಒಂದೇ ಹಟ. ಈ ನೆಲದಲ್ಲಿ ಮೊದಲಿಂದ ಇದ್ದ ಗಿಡಗಳು ಮಾತ್ರ ಇರಬೇಕು, ಹೊರಗಿಂದ ತಂದದ್ದು ಒಂದೂ ಬೇಡ. ಮೀಟಿಂಗಿನಲ್ಲಿ ಸೈಕಲ್ ಶಾಪಿನವನು ಎದ್ದು ನಿಂತು, "ಆ ಲೆಕ್ಕಕ್ಕೆ ಬಂದ್ರೆ ಮೇಡಂ, ಈ ಬೀದೀಲಿ ನಮಗ್ಯಾರಿಗೂ ಜಾಗ ಇರಲ್ಲ" ಅಂದ. ಎಲ್ಲರೂ ನಕ್ಕರು. ಮೇಡಂ ನಗದೆ, "ನೀವು ನೀರು ಹಾಕೋದಾದ್ರೆ ಇರಬಹುದು" ಅಂದರು.

ಹಿಂದೆ ಅಲ್ಲಿ ಏನೇನಿತ್ತು ಎಂದು ಗೊತ್ತಿರುವವರು ಯಾರಾದರೂ ಇದ್ದಾರೆಯೇ ಎಂದು ಅವರು ಕೇಳಿದಾಗ "ವಿಚಾರಿಸ್ತೀನಿ" ಅಂದೆ. "ನಮ್ಮಕ್ಕ" ಅನ್ನುವ ಮಾತು ಬಾಯಿಗೆ ಬಂದು ವಾಪಸ್ಸು ಹೋಯಿತು. ನಿನ್ನ ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಸುತ್ತಮುತ್ತ, ಏನೇನು ಬೆಳೆಯುತ್ತಿತ್ತು? ನೆನಪಾದಷ್ಟು ಬರೆ.

ನಿನ್ನ ತಮ್ಮ


ಮಾರ್ಚ್ 2

ಏನೋ ರಸಮಟ್ಟ,

ಈ ಹೆಸರು ಮರ್ತಿದ್ದೀಯೋ ಏನೋ. ಚಿಕ್ಕೋನಿದ್ದಾಗ ತಟ್ಟೆ ಒಂದು ಕೂದಲೆಳೆ ವಾಲಿದ್ರೂ ಊಟ ಮುಟ್ತಿರಲಿಲ್ಲ ನೀನು. ಮೇಸ್ತ್ರಿ ಗೋಡೆ ಮಟ್ಟ ನೋಡೋ ರಸಮಟ್ಟದ ಗುಳ್ಳೆ ಹಾಗೆ ಕಣ್ಣು ಅತ್ತಿತ್ತ ಓಡಾಡ್ತಿತ್ತು. ಆಫೀಸಿಗೆ ಸೇರಿದ ಮೇಲೂ ಅದೇ ಕಣ್ಣು.

ನಾನು ಶಾಪವೂ ಹಾಕಿಲ್ಲ, ಪ್ರಶ್ನೆಯೂ ಕೇಳಿಲ್ಲ. ನಂಗೆ ನೆನಪಿರೋದು, ಮೆಷಿನ್ ಕಾಲು ಹುಷಾರು ಅಂತ ಲಾರಿಯವನಿಗೆ ಕೂಗಿದ್ದು. ನಿಂಗೆ ನಾನೇನಾದ್ರೂ ಅಂದೆನೋ ಇಲ್ವೋ, ನೆನಪಿಲ್ಲ. ಬೈಸ್ಕೊಂಡಿದ್ದೆ ಅಂತ ಇಟ್ಕೊಂಡ್ರೆ ನಿಂಗೆ ಸಮಾಧಾನ ಅನ್ನೋದಾದ್ರೆ, ಬೈದಿದ್ದೆ ಅಂತಲೇ ಇಟ್ಕೋ.

ಬರ್ಕೊಳ್ಳಿ ನಿಮ್ಮ ಮೇಡಂ. ಒಗೆಯೋ ಕಲ್ಲಿನ ಬುಡದಲ್ಲಿ ಸೋಪಿನ ನೀರು ಕುಡ್ಕೊಂಡು ಒಂದೆಲಗ. ಅದರಾಚೆ ಗರಿಕೆ, ಎಷ್ಟು ಕಿತ್ರೂ ಬರ್ತಿತ್ತು. ಕಾಂಪೌಂಡಿಗೆ ಒರಗಿ ಒಂದು ಎಕ್ಕ. ಮಳೆ ಬಿದ್ದ ಹದಿನೈದು ದಿನಕ್ಕೆ ತುಂಬೆ, ನೆಲನೆಲ್ಲಿ. ಯಾರೂ ಹಾಕಿದ್ದಲ್ಲ, ಯಾರೂ ಬೇಡ ಅಂದಿದ್ದೂ ಅಲ್ಲ. ನಾನೇನು ತೋಟ ಮಾಡಿದೋಳಲ್ಲ, ಕೀಳೋಕೆ ಪುರುಸೊತ್ತಿರಲಿಲ್ಲ ಅಷ್ಟೇ.

ಇನ್ನೊಂದು ಬಳ್ಳಿ ಇತ್ತು. ಹೆಸರು ಗೊತ್ತಿಲ್ಲ. ತರಗತಿ ಹುಡುಗೀರು ಗುಂಡಿಬಳ್ಳಿ ಅಂತಿದ್ರು. ಬೀಜ ಚಪ್ಪಟೆ, ದುಂಡಗೆ, ನಡುವೆ ಎರಡು ಚುಕ್ಕಿ, ಥೇಟ್ ಅಂಗಿ ಗುಂಡಿ. ಹೊಸಬರು ಬಂದ್ರೆ ಅದನ್ನ ಕೈಗೆ ಕೊಟ್ಟು, ಸೂಜಿ ಪೋಣಿಸು ನೋಡೋಣ ಅಂತ ಗೋಳು ಹುಯ್ಕೊಳ್ತಿದ್ರು. ನೀನು ಗಾಜಿನ ಪಟ್ಟಿ ಅಂಟಿಸಿದೆಯಲ್ಲ, ಅದೇ ಹಿಂದಿನ ಗೋಡೆ ಹೊರಮೈ ಮೇಲೆ ಹಬ್ಬಿತ್ತು. ಅದು ಹೋಯ್ತು. ಗೋಡೆ ಜೊತೆ ಹೋಯ್ತು. ಹುಡುಕ್ಬೇಡಿ.

ಇಲ್ಲಿ ಮಗಳ ಮನೆ ನಾಲ್ಕನೇ ಮಹಡೀಲಿ. ಬಾಲ್ಕನೀಲಿ ವಾಷಿಂಗ್ ಮೆಷಿನ್ನು, ಅದರ ಮೇಲೆ ಬಾಟಲೀಲಿ ಒಂದು ಮನಿಪ್ಲಾಂಟು. ಮಣ್ಣು ಕೇಳದ ಗಿಡ. ಈ ಮನೆಗೆ ಸರಿಯಾಗಿದೆ. ನನ್ನ ಮೆಷಿನ್ನು ಮಂಚದ ಕೆಳಗೆ. ಮೊಮ್ಮಗಳ ಪ್ಯಾಂಟಿನ ಉದ್ದ ಮಡಿಸಿ ಹೊಲಿಯೋದು ಬಿಟ್ರೆ ಅದಕ್ಕೂ ರಜೆ, ನನಗೂ ರಜೆ.

ಅಕ್ಕ


ಮಾರ್ಚ್ 19

ಅಕ್ಕಾ,

ನಿನ್ನ ಪಟ್ಟಿಯನ್ನು ಮೇಡಂ ಎರಡು ಸಲ ಓದಿದರು. "ಯಾರ್ರೀ ಇವರು? ನಮ್ಮ ಕಾಲೇಜಲ್ಲಿ ಇಂಥವರು ಒಬ್ರೂ ಇರಲಿಲ್ಲ" ಅಂದರು. ಹಳೇ ಬಾಡಿಗೆದಾರರು ಅಂದೆ. ಸುಳ್ಳಲ್ಲ.

ಭಾನುವಾರಗಳಂದು ಕೆಲಸ ನಡೆದಿದೆ. ಕೆದಕಿದಲ್ಲೆಲ್ಲ ಇಟ್ಟಿಗೆ ಚೂರು, ಗಾರೆ. ಜರಡಿ ಹಿಡಿದು ಮಣ್ಣು ಬೇರೆ, ಕಲ್ಲು ಬೇರೆ ಮಾಡುತ್ತಿದ್ದೇವೆ. ಮೊದಲ ದಿನವೇ ಒಬ್ಬಾಕೆಯ ಬೆರಳಿಗೆ ಗುಂಡುಸೂಜಿ ಚುಚ್ಚಿತು. ಆಮೇಲೆ ಇನ್ನೊಬ್ಬರಿಗೆ. ಸೈಕಲ್ ಶಾಪಿನವನು ಹಳೇ ಲೌಡ್‌ಸ್ಪೀಕರಿನ ಆಯಸ್ಕಾಂತಕ್ಕೆ ಹಗ್ಗ ಕಟ್ಟಿ, ನಾಯಿ ಕರೆದುಕೊಂಡು ಹೋಗುವವನ ಹಾಗೆ ಇಡೀ ಜಾಗದ ತುಂಬ ಎಳೆದಾಡಿದ. ಪ್ರತಿ ಸುತ್ತಿಗೂ ಆಯಸ್ಕಾಂತಕ್ಕೆ ತುಕ್ಕುಗಡ್ಡ ಬೆಳೆಯುತ್ತಿತ್ತು: ಸೂಜಿ, ಪಿನ್ನು, ಬಾಬಿನ್ನು, ಹುಕ್ಕು. "ಇಲ್ಲಿ ಮುಳ್ಳುಹಂದಿ ಸಂಸಾರ ಮಾಡ್ತಿತ್ತಾ ಸಾರ್?" ಅಂದ. ಅವನು ಈ ಬೀದಿಗೆ ಬಂದು ಏಳೇ ವರ್ಷ.

ಗುಂಡಿಗಳನ್ನು ಆಯಸ್ಕಾಂತ ಎತ್ತುವುದಿಲ್ಲ. ಅವನ್ನು ನಾನು ಆರಿಸಿ ಒಂದು ಗಾಜಿನ ಡಬ್ಬಿಗೆ ಹಾಕಿಟ್ಟಿದ್ದೇನೆ. ಮಕ್ಕಳ ಅಂಗಿಯವೇ ಹೆಚ್ಚು.

ಗಾಜಿನ ಪಟ್ಟಿಯ ಮಾತನ್ನು ನೀನೇ ತೆಗೆದೆ. ಗೋಡೆ ಬಿರುಕು ಬಿಟ್ಟರೆ ಅದರ ಅಡ್ಡಕ್ಕೆ ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಕು ಬರೆಯುತ್ತೇವೆ, ಗಾಜು ಒಡೆದರೆ ಗೋಡೆ ಸರಿಯುತ್ತಿದೆ ಎಂದರ್ಥ ಅಂತ ವಿವರಿಸಿದಾಗ ನೀನು, "ಗೋಡೆಗೂ ಜ್ವರ ನೋಡ್ತೀಯಾ?" ಅಂದಿದ್ದೆ. ಆರು ವಾರಕ್ಕೆ ಗಾಜು ಒಡೆದಿತ್ತು. ವಾಸಕ್ಕೆ ಯೋಗ್ಯವಲ್ಲ ಎಂದು ಬರೆದು ಸಹಿ ಹಾಕಿದೆ. ನಿನಗೆ ಗೊತ್ತಿರುವುದೇ.

ತೋಟದ ನಕ್ಷೆ ನಾನೇ ಬರೆದೆ. ಓಡಾಡುವ ದಾರಿಗಳು ಎಲ್ಲೆಲ್ಲಿ ಬರಬೇಕೆಂದು ಮೇಡಂ ಏನೂ ಹೇಳಿರಲಿಲ್ಲ. ಒಂದಾದ ಮೇಲೊಂದು ಗೆರೆ ಎಳೆದು ಮುಗಿಸಿ ನೋಡಿದರೆ ನಿನ್ನ ಮನೆಯ ಗೋಡೆಗಳು ಇದ್ದಲ್ಲೆಲ್ಲ ದಾರಿ, ಕೋಣೆಗಳು ಇದ್ದಲ್ಲೆಲ್ಲ ಗಿಡದ ಪಾತಿ. ಅಳಿಸಲಿಲ್ಲ. "ಸ್ವಲ್ಪ ವಿಚಿತ್ರವಾಗಿದೆ, ಆದ್ರೆ ಓಡಾಡೋಕೆ ಚೆನ್ನಾಗಿದೆ" ಅಂತ ಅವರು ಒಪ್ಪಿಕೊಂಡರು.

ನಿನ್ನ ತಮ್ಮ


ಏಪ್ರಿಲ್ 11

ತಮ್ಮನಿಗೆ,

ಪಿನ್ನಿನ ವಿಷಯ ಓದಿ ಮಗಳ ಮುಂದೆ ನಕ್ಕೆ. ಹುಡುಗೀರಿಗೆ ದಿನಾ ಬೈತಿದ್ದೆ, ಪಿನ್ನು ಎಣಿಸಿ ಕೊಡ್ರೇ ಅಂತ. ಎಲ್ಲಾ ಎಣಿಸಿ ಕೊಟ್ಟಿದ್ದೀವಿ ಅಕ್ಕಾ ಅಂತ ಪ್ರಮಾಣ ಮಾಡ್ತಿದ್ರು. ನೋಡು ಈಗ.

ನಕ್ಕು ಆದ್ಮೇಲೆ ಎರಡು ದಿನ ನಿದ್ದೆ ಬರಲಿಲ್ಲ. ಅದಕ್ಕೇ ಬರೀತಿದ್ದೀನಿ.

ಹೋದ ವರ್ಷ ನನ್ನ ಹಳೇ ವಿದ್ಯಾರ್ಥಿನಿ ಒಬ್ಬಳು ಇಲ್ಲಿಗೆ ಬಂದಿದ್ಲು. ಅವಳ ಗಂಡ ಮನೆ ಕೆಡವೋ ಗುತ್ತಿಗೆದಾರರ ಹತ್ರ ಇದ್ದೋನು. ನಮ್ಮನೆ ಎರಡು ದಿನದ ಕೆಲಸ ಅಂತ ಬಂದು ಐದು ದಿನ ಒದ್ದಾಡಿದ್ರಂತೆ. ಹಿಂದಿನ ಗೋಡೆ ಒಂದಕ್ಕೇ ಎರಡು ದಿನ. "ಅಕ್ಕಾ, ಸುತ್ತಿಗೆ ಹಿಡಿದೋರ ರಟ್ಟೆ ಬಿದ್ದುಹೋಯ್ತಂತೆ" ಅಂದ್ಲು. ಅವಳಿಗೆ ಅದು ತಮಾಷೆ.

ಇಪ್ಪತ್ತಾರು ವರ್ಷ ಬೆಳಿಗ್ಗೆ ಎದ್ದು ಮೊದಲು ಕೈ ಊರ್ತಿದ್ದದ್ದು ಆ ಗೋಡೆಗೆ. ನಿನ್ನ ಗಾಜು ಒಡೆದ ದಿನವೂ ಊರಿದ್ದೆ. ನಾನು ಓದಿದೋಳಲ್ಲ. ನೀನು ಓದಿದೋನು. ಅದಕ್ಕೇ ಆವತ್ತು ಬಾಯಿ ಬಿಡಲಿಲ್ಲ. ತರಗತಿ ಮುಚ್ಚಿ ಇಲ್ಲಿಗೆ ಬಂದೆ. ನಮ್ಮ ತಮ್ಮ ಸ್ವಂತ ಅಕ್ಕನ ಮನೇನೂ ಬಿಡಲಿಲ್ಲ, ಅಷ್ಟು ನಿಯತ್ತು ಅಂತ ನಾಲ್ಕು ಜನರ ಹತ್ರ ಹೇಳ್ಕೊಂಡೂ ತಿರುಗಿದೆ. ಕೋಪ ಇತ್ತು, ಇಲ್ಲ ಅನ್ನಲ್ಲ. ಆದ್ರೆ ನೀನು ಸರಿ ಇದ್ದೀಯ ಅನ್ನೋದರ ಮೇಲೆ ಆ ಕೋಪ ನಿಂತಿತ್ತು.

ಒಂದೇ ಮಾತು ಕೇಳ್ತೀನಿ. ಗೋಡೆ ನಿಜವಾಗ್ಲೂ ಅಲುಗಾಡ್ತಿತ್ತಾ?

ಅಕ್ಕ


ಏಪ್ರಿಲ್ 30

ಅಕ್ಕಾ,

ಬಿಸಿಲು ಜಾಸ್ತಿಯಾಗಿದೆ. ನೆಟ್ಟಿದ್ದರಲ್ಲಿ ಅರ್ಧ ಬಾಡಿತು. ಮೇಡಂ ಹೆದರಬೇಡಿ ಅನ್ನುತ್ತಾರೆ. ಇಲ್ಲಿಯ ಗಿಡಗಳಿಗೆ ಬೇಸಿಗೆಯಲ್ಲಿ ಸತ್ತ ಹಾಗೆ ಇರುವುದು ಅಭ್ಯಾಸವಂತೆ. ಮಣ್ಣಲ್ಲಿ ಹಳೆಯ ಸುಣ್ಣ ತುಂಬ ಇದೆ. ಸುಣ್ಣ ಒಪ್ಪುವ ಗಿಡಗಳು ನಿಲ್ಲುತ್ತವೆ, ಉಳಿದವು ಹೋಗುತ್ತವೆ ಎಂದರು.

ನಾಚಿಕೆಮುಳ್ಳಿನ ಬಗ್ಗೆ ದೊಡ್ಡ ಜಗಳವಾಯಿತು. ಅದು ಹೊರಗಿನದು, ಕೀಳಬೇಕು ಎಂದು ಮೇಡಂ. ಮುಟ್ಟಿದರೆ ಮುದುಡುವ ಗಿಡ ಹೊರಗಿನದು ಹೇಗಾಗುತ್ತದೆ, ನಮ್ಮಜ್ಜಿ ಕಾಲದಿಂದ ನೋಡಿದ್ದೇವೆ ಎಂದು ಮೂಲೆಮನೆಯ ನರ್ಸ್. "ನಿಮ್ಮಜ್ಜಿಗಿಂತ ಮುಂಚೆಯೂ ಅಜ್ಜಿಯರಿದ್ರಮ್ಮಾ" ಎಂದು ಇವರು. ಕೊನೆಗೆ ಮತಕ್ಕೆ ಹಾಕಿದರು. ನಾನು ಯಾವ ಕಡೆಗೂ ಕೈ ಎತ್ತಲಿಲ್ಲ.

ತಗಡಿನ ಪಟ್ಟಿಗಳ ಮೇಲೆ ಗಿಡಗಳ ಹೆಸರು ಬರೆಯುವ ಕೆಲಸ ನನಗೆ ವಹಿಸಿದ್ದಾರೆ. ನನ್ನ ಅಕ್ಷರ ಚೆನ್ನಾಗಿದೆಯಂತೆ. ಒಂದೆಲಗ, ತುಂಬೆ, ನೆಲನೆಲ್ಲಿ ಬರೆದಾಯಿತು. ಗುಂಡಿಬಳ್ಳಿಗೂ ಒಂದು ಬರೆದು ಇಟ್ಟಿದ್ದೇನೆ. ಗಿಡವಿಲ್ಲ, ಹೆಸರಿದೆ. ಮೇಡಂ ಸುತ್ತಲಿನ ಹಾಳುಗೋಡೆಗಳನ್ನೆಲ್ಲ ತಿರುಗಿ ನೋಡಿದರು, ಎಲ್ಲೂ ಸಿಗಲಿಲ್ಲ.

ನಿನ್ನ ಮಂಡಿನೋವಿಗೆ ನರ್ಸ್ ಒಂದು ಎಣ್ಣೆ ಹೇಳಿದ್ದಾರೆ. ಹೆಸರು ಕೇಳಿ ಬರೆಯುತ್ತೇನೆ.

ನಿನ್ನ ತಮ್ಮ


ಮೇ 12

ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಎಣ್ಣೆ ಬೇಡ.

ಅಕ್ಕ


ಜುಲೈ 3

ಅಕ್ಕಾ,

ಗೋಡೆ ಅಲುಗಾಡುತ್ತಿರಲಿಲ್ಲ.

ಮೊದಲ ಸಾಲಿನಲ್ಲೇ ಬರೆದುಬಿಟ್ಟೆ. ಇಲ್ಲದಿದ್ದರೆ ಈ ಪತ್ರವೂ ಗಿಡಗಳ ಕಡೆ ತಿರುಗುತ್ತದೆ. ನಿನ್ನ ಕಾರ್ಡು ಬಂದ ಮೇಲೆ ಆರು ಪತ್ರ ಬರೆದೆ, ಆರರಲ್ಲೂ ತುಂಬೆ ಹೂ ಬಿಟ್ಟಿತ್ತು.

ನಾನು ಗಾಜು ಅಂಟಿಸಲು ಬಂದ ದಿನ ನೆನಪು ಮಾಡಿಕೋ. ನೀನು ನೆಲದ ತುಂಬ ಬಿಳಿ ಬಟ್ಟೆ ಕತ್ತರಿಸಿ ಹರಡಿದ್ದೆ. ಯಾವುದೋ ಶಾಲೆಯ ನಲವತ್ತು ಯೂನಿಫಾರ್ಮು, ಮಾರನೆಯ ದಿನ ಕೊಡಬೇಕಿತ್ತು. ಗಾಜನ್ನು ಗಾರೆಯ ಮೇಲೆ ಅಂಟಿಸಬಾರದು. ಗಾರೆ ಬಿಸಿಲಿಗೆ ಹಿಗ್ಗುತ್ತದೆ, ತೇವಕ್ಕೆ ಉಬ್ಬುತ್ತದೆ, ಗೋಡೆ ಗಟ್ಟಿಯಿದ್ದರೂ ತಾನು ಬಿರಿಯುತ್ತದೆ. ಗಾರೆ ಕೆರೆದು, ಇಟ್ಟಿಗೆ ಕಂಡ ಮೇಲೆ ಅದರ ಮೇಲೆ ಅಂಟಿಸಬೇಕು. ಹೊಸದಾಗಿ ಸೇರಿದವರಿಗೆ ನಾನು ಹೇಳಿಕೊಡುವ ಮೊದಲ ಪಾಠ ಇದು. ಚೀಲದಿಂದ ಉಳಿ ತೆಗೆದೆ. ನೀನು ಕತ್ತರಿ ಹಿಡಿದುಕೊಂಡೇ ಎದ್ದು ಬಂದೆ. "ಏಯ್, ಬಿಳೀ ಬಟ್ಟೆ. ಧೂಳೆಬ್ಬಿಸಿದ್ರೆ ಕೈ ಮುರೀತೀನಿ" ಅಂದೆ. ನಾನು ನಕ್ಕು ಉಳಿಯನ್ನು ಚೀಲದೊಳಗೆ ಹಾಕಿದೆ. ಗಾರೆಯ ಮೇಲೇ ಅಂಟಿಸಿದೆ, ತಾರೀಕು ಬರೆದೆ. ನೀನು ಕಾಫಿ ಕೊಟ್ಟೆ. ಬೇರೆ ಯಾರ ಮನೆಯಾಗಿದ್ದರೂ ಕೆರೆಯುತ್ತಿದ್ದೆ.

ನಿನ್ನ ಮೇಲೆ ಹಾಕುತ್ತಿದ್ದೇನೆ ಎಂದುಕೊಳ್ಳಬೇಡ. ನೀನು ಬಟ್ಟೆಯನ್ನು ಕಾಪಾಡಿದೆ, ಅದು ನಿನ್ನ ಕೆಲಸ. ಗೋಡೆ ನನ್ನ ಕೆಲಸವಾಗಿತ್ತು.

ಆರು ವಾರ ಬಿಟ್ಟು ಗಾಜು ಒಡೆದದ್ದನ್ನು ಕಂಡಾಗ, ಕೆರೆದಿಲ್ಲ ಎನ್ನುವುದು ನನಗೆ ನೆನಪಿತ್ತು. ಕೆರೆದು, ಇನ್ನೊಂದು ಪಟ್ಟಿ ಅಂಟಿಸಿ, ಇನ್ನೂ ಆರು ವಾರ ಕಾಯಬೇಕಿತ್ತು. ಆಫೀಸಿನಲ್ಲಿ ಪಕ್ಕದ ಮೇಜಿನವನು, "ಅಕ್ಕನ ಮನೆ ಅಲ್ವಾ ಸಾರ್, ಇನ್ನೊಂದ್ಸಲ ನೋಡಿ ಬರೀರಿ" ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದಿರಬಹುದು. ಆದರೆ ನಗುತ್ತಾ ಅಂದ. ಅದೇ ವಾರ ಬೇರೆ ಎರಡು ಮನೆಗಳಿಗೆ ಸಹಿ ಹಾಕಿದ್ದೆ. ನಮ್ಮವರಿಗೊಂದು, ಊರವರಿಗೊಂದು ಎಂದು ಯಾರೂ ಬೆರಳು ತೋರಿಸಬಾರದು ಅನ್ನಿಸಿತು. ಆ ಮಧ್ಯಾಹ್ನವೇ ಸಹಿ ಹಾಕಿದೆ. ಚಿಕ್ಕ ವಿಷಯದಲ್ಲಿ ನಿನಗಾಗಿ ನಿಯಮ ಬಿಟ್ಟೆ, ದೊಡ್ಡ ವಿಷಯದಲ್ಲಿ ನಿನಗಾಗಿ ಬಿಡಲಿಲ್ಲ. ಎರಡನ್ನೂ ಅದಲುಬದಲು ಮಾಡಿದ್ದರೆ ನಿನ್ನ ಮೆಷಿನ್ನು ಇವತ್ತು ಮಂಚದ ಕೆಳಗೆ ಇರುತ್ತಿರಲಿಲ್ಲ.

ಇನ್ನೂ ಇದೆ. ಕೆಡವುವ ಮೂರನೆಯ ದಿನ ಮೇಸ್ತ್ರಿ ಹೇಳಿಕಳಿಸಿದ. ಹೋದೆ. ಹಿಂದಿನ ಗೋಡೆಯ ಗಾರೆಯನ್ನು ಅವನು ಬಾಗಿಲಿನಷ್ಟು ಅಗಲ ಕೆರೆದಿಟ್ಟಿದ್ದ. ಕೆಂಪಗೆ, ಒಂದರ ಪಕ್ಕ ಒಂದು, ಒಂದೇ ಒಂದು ಇಟ್ಟಿಗೆಗೂ ಗೀರಿರಲಿಲ್ಲ. "ನೋಡಿ ಸಾರ್, ಬಿರುಕು ಬರೀ ಗಾರೇದು. ಯಾರ್ ಸಾರ್ ಇದಕ್ಕೆ ಸಾವು ಬರ್ದೋರು?" ಅಂದ.

"ಆಫೀಸು" ಅಂದೆ.

'ನಾನು' ಅನ್ನಲಿಲ್ಲ, 'ಆಫೀಸು' ಅಂದೆ. ಚಾವಣಿ ಆಗಲೇ ಇಳಿದಿತ್ತು. "ಮುಂದುವರಿಸಿ" ಅಂದು ಸ್ಕೂಟರ್ ಹತ್ತಿದೆ. ನಿನ್ನ ದುಡಿಮೆಯಲ್ಲಿ ಓದಿ, ನೀನು ಹೊಲಿದ ಪ್ಯಾಂಟು ಹಾಕಿಕೊಂಡು ಪರೀಕ್ಷೆಗೆ ಹೋಗಿ ಕಲಿತ ವಿದ್ಯೆಯಿಂದ ಮಾಡಿದ್ದು ಇಷ್ಟು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತೀಯ. ಬುದ್ಧಿ ಬಂದದ್ದು ಮೂರನೆಯ ದಿನವೇ. ಹೇಳುವುದಕ್ಕೆ ಹನ್ನೊಂದು ವರ್ಷ ಹಿಡಿಯಿತು. ತಪ್ಪು ಸಹಿಗಿಂತ ಈ ತಡವೇ ದೊಡ್ಡ ತಪ್ಪೇನೋ. ನಿನ್ನ ಕೋಪ ನನ್ನ ನಿಯತ್ತಿನ ಮೇಲೆ ನಿಂತಿತ್ತು ಎಂದು ಬರೆದಿದ್ದೆಯಲ್ಲ, ಆ ಸಾಲನ್ನು ನಾನು ಇನ್ನೊಮ್ಮೆ ಓದಲಾರೆ.

ನಾಳೆ ಬೆಳಿಗ್ಗೆ ಅಂಚೆಗೆ ಹಾಕುತ್ತೇನೆ.

ತಮ್ಮ


ಆಗಸ್ಟ್ 10

ಅಕ್ಕಾ,

ಜುಲೈ ನಾಲ್ಕರಂದು ಒಂದು ಪತ್ರ ಹಾಕಿದ್ದೆ. ತಲುಪಿತೇ?

ಫೋನ್ ಮಾಡಿದರೆ ನಿನ್ನ ಮಗಳು, "ಅಮ್ಮ ಚೆನ್ನಾಗಿದ್ದಾಳೆ ಮಾವಾ, ಮಲಗಿದ್ದಾಳೆ" ಅನ್ನುತ್ತಾಳೆ. ಬೆಳಿಗ್ಗೆ ಹನ್ನೊಂದಕ್ಕೆ ಮಲಗುವವಳು ನೀನಲ್ಲ.

ತಮ್ಮ


ಸೆಪ್ಟೆಂಬರ್ 21

ಅಕ್ಕಾ,

ಜುಲೈಯಿಂದೀಚೆಗೆ ತೋಟದ ಕಡೆ ಹೋಗಿರಲಿಲ್ಲ. ಮಂಡಿನೋವು ಎಂದು ಹೇಳಿಕಳಿಸಿದ್ದೆ. ನೆಪಕ್ಕೂ ನಿನ್ನ ಕಾಯಿಲೆಯೇ ಬೇಕಾಯಿತು. ನಿನಗೆ ಬರೆದ ಮೇಲೆ ಆ ದಾರಿಗಳ ಮೇಲೆ ನಡೆಯುವುದು ಆಗಲಿಲ್ಲ.

ಇವತ್ತು ಹೋದೆ. ಗುರುತು ಸಿಗದ ಹಾಗೆ ಬೆಳೆದಿದೆ. ನೀನು ಬಟ್ಟೆ ಕತ್ತರಿಸುತ್ತಿದ್ದ ಕೋಣೆಯಲ್ಲಿ ಸೊಂಟದೆತ್ತರ ತುಂಬೆ, ಅದರ ತುಂಬ ಚಿಟ್ಟೆ. ಅಡುಗೆಮನೆಯಲ್ಲಿ ಒಂದೆಲಗ. ನಾನು ಬರೆದ ತಗಡುಗಳು ಎಲೆಗಳ ಕೆಳಗೆ ಮುಚ್ಚಿಹೋಗಿವೆ. ಹೆಸರು ಓದಬೇಕಾದರೆ ಗಿಡದ ಅಪ್ಪಣೆ ಕೇಳಬೇಕು.

ಹಿಂದಿನ ಗೋಡೆಯ ದಾರಿಗೆ ಬಂದಾಗ ಅದರ ಅಂಚಿನಲ್ಲಿ ಒಂದು ಕೋಲು ನೆಟ್ಟಿರುವುದು ಕಾಣಿಸಿತು. ಅದಕ್ಕೊಂದು ಬಳ್ಳಿ ಸುತ್ತಿಕೊಂಡಿತ್ತು. ನಕ್ಷೆಯಲ್ಲಿ ಇಲ್ಲದ್ದು. ರಸಮಟ್ಟನ ಕಣ್ಣು; ಇದನ್ನು ಯಾರು ಇಲ್ಲಿ ಚುಚ್ಚಿದರು, ತೆಗೆಸಬೇಕು ಎಂದೇ ಬಗ್ಗಿದೆ. ಕೋಲಿನ ಮೇಲೆ ಇಂಚಿನ ಗೆರೆಗಳಿದ್ದವು. ತುದಿಯಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಕಂದು ಕಲೆ. ಒಂಬತ್ತನೆಯ ವಯಸ್ಸಿನಲ್ಲಿ ಆ ಕಲೆ ಮಾಡಿದವನು ನಾನು, ಅದೇ ಅಳತೆಕೋಲಿನಿಂದ ನಿನ್ನ ಕೈಲಿ ಏಟು ತಿಂದವನೂ ನಾನು.

ಮೇಡಂ ನೀರಿನ ಪೈಪು ಸುತ್ತುತ್ತಿದ್ದರು. "ಓ, ಅದಾ? ಯಾರೋ ಒಬ್ಬರು ಹೆಂಗಸು ಬಂದಿದ್ರು ಕಣ್ರೀ. ಹೆಸರು ಕೇಳಿದ್ರೆ, ಈ ಕಡೆ ಹಳಬರು ಅಂದ್ರು ಅಷ್ಟೇ. ಕೈಯಲ್ಲಿ ಒಂದು ಪೊಟ್ಟಣ, ಆ ಕೋಲು. ಗೇಟಿಂದ ಒಳಗೆ ಬಂದೋರು ಒಂದು ಕಡೆ ಕಾಲೆತ್ತಿ ದಾಟಿದ್ರು. ನೋಡ್ದೆ, ಅಲ್ಲೇನೂ ಇಲ್ಲ. ಅಲ್ಲಿ ಹೊಸ್ತಿಲೇನಾದ್ರೂ ಇತ್ತಾ?"

ಇತ್ತು ಅಂದೆ.

"ಬೀಜ ಹಾಕೋಕೆ ಇಲ್ಲೇ ಬೇಕು ಅಂದ್ರು. ಹತ್ತೋ ಬಳ್ಳಿ, ಗೋಡೆ ಇಲ್ಲವಲ್ಲಮ್ಮಾ ಅಂದೆ. 'ಇಲ್ಲ, ಗೊತ್ತು' ಅಂದು ಆ ಕೋಲು ಚುಚ್ಚಿದ್ರು. ಕೂತ್ಕೊಂಡು ಒಂದೊಂದೇ ಬೀಜಾನ ಇಟ್ಟಿಗೆ ಚೂರಿಗೆ ಉಜ್ಜಿದ್ರು. ಕೆರೀದೆ ಹಾಕಿದ್ರೆ ಬರಲ್ಲ ಅಂದ್ರು. ಸರಿಯಾಗೇ ಹೇಳಿದ್ರು, ಅಷ್ಟು ಗಟ್ಟಿ ಸಿಪ್ಪೆ. ಐದರಲ್ಲಿ ಒಂದು ಬಂತು ನೋಡಿ."

ಬೀಜ ಸುತ್ತಿದ್ದ ಕಾಗದವನ್ನು ಅವರು ತಮ್ಮ ಪುಸ್ತಕದೊಳಗೆ ಇಟ್ಟುಕೊಂಡಿದ್ದರು. ಹೊಲಿಗೆಯ ಕಂದು ಕಾಗದ, ಮಗುವಿನ ಅಂಗಿಯೊಂದರ ತೋಳಿನ ಆಕಾರ. ಮಡಿಕೆಗಳು ಹರಿಯುವಷ್ಟು ಹಳತು. ಹೋಯ್ತು, ಹುಡುಕ್ಬೇಡಿ ಎಂದು ನೀನು ಬರೆದಾಗ ಈ ಬೀಜದ ಪೊಟ್ಟಣ ನಿನ್ನ ಹೊಲಿಗೆ ಸಾಮಾನಿನ ಗುಂಡಿ ಡಬ್ಬಿಯಲ್ಲೇ ಇತ್ತು, ಅಲ್ಲವೇ.

"ಈ ದಾರಿ ಹಾಕಿದ್ದು ಯಾರು ಅಂತ ಕೇಳಿದ್ರು. ನಗರಸಭೆಯ ಒಬ್ಬರು ಸಾಹೇಬರು ಅಂದೆ. ಅತ್ತಿಂದಿತ್ತ ಒಂದ್ಸಲ ನಡೆದು ನೋಡಿ, 'ಅಳತೆ ಸರಿಯಾಗಿದೆ' ಅಂದ್ರು. ನಕ್ರೋ ಏನೋ, ನಂಗೆ ಬೆನ್ನು ಮಾಡಿದ್ರು."

ಇನ್ನೇನಾದರೂ ವಿಚಾರಿಸಿದರಾ ಅಂದೆ. ಇಲ್ಲ, ಬಸ್ಸಿಗೆ ಹೊತ್ತಾಯ್ತು ಅಂದ್ರು, ಎಂದರು ಮೇಡಂ. ನಮ್ಮ ಮನೆ ಅಲ್ಲಿಂದ ಎರಡು ಬೀದಿ.

ಯಾವತ್ತು ಎಂದು ಕೇಳಿದೆ. ನೀರು ಹಾಕುವವರ ನೋಟುಬುಕ್ಕು ತಿರುವಿ ಹಾಕಿ ತೋರಿಸಿದರು. ಜುಲೈ 8. 'ಮಳೆ. ನೀರು ಬೇಡ. ಹೊಸ ಬೀಜ ಐದು.'

ನಾಲ್ಕಕ್ಕೆ ಹಾಕಿದ ಪತ್ರ. ನಿಮ್ಮೂರಿಗೆ ಅಂಚೆ ಒಮ್ಮೆ ಮೂರು ದಿನಕ್ಕೆ ಹೋಗುತ್ತದೆ, ಒಮ್ಮೆ ಎಂಟು ದಿನ. "ಸಾದಾ ಪತ್ರ ಯಾವತ್ತು ಮುಟ್ಟಿತು ಅಂತ ನಾವೇನ್ ಹೇಳೋದು ಸಾರ್, ಮುಟ್ಟಿದವರನ್ನೇ ಕೇಳಿ" ಅಂದರು ಅಂಚೆ ಕಚೇರಿಯ ಪರಿಚಯದವರು, ದಾರಿಯಲ್ಲಿ ಸಿಕ್ಕವರು.

ಬಳ್ಳಿ ನಿನ್ನ ಕೋಲಿನ ಮೇಲೆ ಇವತ್ತಿಗೆ ಹದಿನಾಲ್ಕು ಇಂಚು. ಹೆಸರಿನ ತಗಡನ್ನು ಬುಡದಲ್ಲಿ ಊರಿ ಬಂದೆ. ಕೋಲು ಒಂದು ಕಡೆ ಸ್ವಲ್ಪ ವಾಲಿದೆ. ನೆಟ್ಟಗೆ ಮಾಡಲಿಲ್ಲ.

ರಸಮಟ್ಟ

ಸಹಿ ಹಾಕಿದ ಮೇಲೆ ಕೇಳುತ್ತಿದ್ದೇನೆ: ಆವತ್ತು ಆ ಹೊಸ್ತಿಲು ದಾಟುವಾಗ ನನ್ನ ಪತ್ರ ನಿನ್ನ ಚೀಲದಲ್ಲಿತ್ತೇ ಅಕ್ಕಾ, ಇನ್ನೂ ದಾರಿಯಲ್ಲೇ ಇತ್ತೇ?